ಮನೆ ಹಿಂದಿನ ಬರೆಗೆ ವರ್ಷವಿಡೀ ಹಸಿರಾಗಿದ್ದು ಹೂ ಬಿಡುವ ನೆಲಬಳ್ಳಿ ಯಾವುದು ಹಾಕಲಿ? ಮಡಿಕೇರಿ ಮಳೆಗೆ ತಡೆಯಬೇಕು

ಕಿರುಹೊಳೆ, ಫೆಬ್ರವರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿಯಿಂದ ಮೂರ್ನಾಡಿಗೆ ಹೋಗುವ ರಸ್ತೆ ಬದಿಯಲ್ಲಿದೆ. ಮನೆ ಕಟ್ಟುವಾಗ ಹಿಂದಿನ ಗುಡ್ಡ ಕಡಿದು ಜಾಗ ಸಮ ಮಾಡಿದ್ದರು. ಈಗ ಅಡುಗೆಮನೆ ಬಾಗಿಲು ತೆಗೆದರೆ ಎದುರಿಗೇ ಬರೆ, ಅಂದರೆ ಕಡಿದ ಗುಡ್ಡದ ಓರೆ ಮಣ್ಣು. 12 ಮೀಟರ್ ಉದ್ದ, ಓರೆಯಲ್ಲಿ ಅಳೆದರೆ 3 ಮೀಟರ್. ತೀರಾ ನೆಟ್ಟಗಿಲ್ಲ, ಕೈ ಊರಿ ಹತ್ತಬಹುದು. ಮಳೆ ಶುರುವಾದರೆ ಕೆಂಪು ಮಣ್ಣು ಕೊಚ್ಚಿ ಬಂದು ಚರಂಡಿ ತುಂಬುತ್ತದೆ. ಮೇಲಿನ ಅರ್ಧಕ್ಕೆ ಮಧ್ಯಾಹ್ನದವರೆಗೆ ಬಿಸಿಲು. ಕೆಳಗಿನ ಅರ್ಧಕ್ಕೆ ಮನೆಯದೇ ನೆರಳು, ಜೊತೆಗೆ ಒಂದು ಸಿಲ್ವರ್ ಓಕ್ ಮರ.

ಹುಲ್ಲು ಬೇಡ. ಅಷ್ಟು ಓರೆಯಲ್ಲಿ ನಿಂತು ಪದೇ ಪದೇ ಕೊಯ್ಯುವವರು ಯಾರು? ಒಂದಡಿಗಿಂತ ಎತ್ತರ ಹೋಗಬಾರದು, ಬೇಸಿಗೆಯಲ್ಲೂ ಎಲೆ ಇರಬೇಕು, ಹೂವೂ ಬೇಕು. ಮೊಬೈಲಿನಲ್ಲಿ ಜಪಾನಿನ ಒಂದು ಗುಡ್ಡದ ಫೋಟೋ ನೋಡಿದೆ. ಗುಡ್ಡ ಪೂರ್ತಿ ಗುಲಾಬಿ ಬಣ್ಣ! ಕ್ರೀಪಿಂಗ್ ಫ್ಲಾಕ್ಸ್ ಅಂತೆ. ಆನ್‌ಲೈನ್‌ನಲ್ಲಿ ಬೀಜ ಸಿಗುತ್ತಿದೆ. ತರಿಸಲಾ? ನಮ್ಮತ್ತೆ ಮಾತ್ರ "ಅದೆಲ್ಲ ಕಕ್ಕಡ ದಾಟೋದಿಲ್ಲ" ಅನ್ನುತ್ತಿದ್ದಾರೆ. ಕಕ್ಕಡ ಅಂದರೆ ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು.


ಸಂಪಿಗೆಕಟ್ಟೆ

ನಿಮ್ಮತ್ತೆ ಹೇಳಿದ್ದು ಸರಿ ಕಣಮ್ಮ. ಆ ಫೋಟೋ ಬಹುಶಃ ಚಿಚಿಬುವಿನ ಹಿತ್ಸುಜಿಯಾಮ ಪಾರ್ಕಿನದ್ದು, ಇಲ್ಲವಾದರೆ ಹೊಕ್ಕೈಡೋದ ತಕಿನೊಉಎ ಪಾರ್ಕಿನದ್ದು. ಎರಡೂ ಕಡೆ ಇರುವುದು ಮಾಸ್ ಫ್ಲಾಕ್ಸ್, ನೀವು ಹೇಳಿದ ಕ್ರೀಪಿಂಗ್ ಫ್ಲಾಕ್ಸ್ ಅದೇ. ಅದರ ತವರು ಅಮೆರಿಕದ ಪೂರ್ವ ಭಾಗ. ಚಳಿಗಾಲದಲ್ಲಿ ಹಿಮ ಬಿದ್ದು ಗಿಡ ಮಲಗಬೇಕು, ವಸಂತದಲ್ಲಿ ಎದ್ದು ಹೂ ಬಿಡಬೇಕು. ನಮ್ಮ ಮಡಿಕೇರಿ ಚಳಿ ನಮಗೆ ಚಳಿಯೇ ಹೊರತು ಆ ಗಿಡಕ್ಕೆ ಏನೂ ಅಲ್ಲ. ಇನ್ನೂ ಒಂದು ಮಾತು. ಜಪಾನಿನಲ್ಲೂ ಆ ಬಣ್ಣ ಕೆಲವು ವಾರ ಅಷ್ಟೇ. ಉಳಿದ ದಿನ ಬರೀ ಸಣ್ಣ ಸೂಜಿ ಎಲೆ.

ಬೀಜದ ಪೊಟ್ಟಣದ ಮೇಲಿನ ಫೋಟೋ ನಂಬಬೇಡಿ. ಗುಲಾಬಿ, ನೀಲಿ, ಕಿತ್ತಳೆ ಅಂತ ಎಲ್ಲ ಬಣ್ಣದಲ್ಲೂ ಫ್ಲಾಕ್ಸ್ ಮಾರುತ್ತಾರೆ. ಮಾಸ್ ಫ್ಲಾಕ್ಸ್ ಅನ್ನು ಸಾಮಾನ್ಯವಾಗಿ ಕಡ್ಡಿ ಊರಿ, ಬುಡ ಬಿಡಿಸಿ ಬೆಳೆಸುವುದು. ಹತ್ತು ಗ್ರಾಂ ಬೀಜ ಚೆಲ್ಲಿ ಗುಡ್ಡ ತುಂಬಿಸುವ ಗಿಡ ಅಲ್ಲ ಅದು.


ಮೇಕೇರಿ ಮಂಜು

ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ ಸೇರಿಸಲಾ? ಕ್ಯಾಂಡಿಟಫ್ಟ್ ಹೇಗೆ? ಬಿಳಿ ಹೂ, ಒಂದಡಿಯೊಳಗೆ ಇರುತ್ತದೆ, ಎವರ್‌ಗ್ರೀನ್ ಅಂತ ಓದಿದ್ದೆ. ರಾಜಾಸೀಟಿನ ಫಲಪುಷ್ಪ ಪ್ರದರ್ಶನದಲ್ಲಿ ಕುಂಡಗಳಲ್ಲಿ ಅದನ್ನೇ ನೋಡಿದ ಹಾಗಿತ್ತು.


ಸಂಪಿಗೆಕಟ್ಟೆ

ಅದರಲ್ಲಿ ಎರಡು ಥರ ಇದೆ ಮಂಜು. ನೀವು ಓದಿದ್ದು ಐಬೆರಿಸ್ ಸೆಂಪರ್‌ವೈರೆನ್ಸ್, ಬಹುವಾರ್ಷಿಕ. ನಮ್ಮಲ್ಲಿ ಬೀಜದಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಒಂದು ಋತುವಿನ ಕ್ಯಾಂಡಿಟಫ್ಟ್. ಅಕ್ಟೋಬರ್‌ನಲ್ಲಿ ಬಿತ್ತಿದರೆ ಚಳಿಗಾಲದಲ್ಲಿ ಚೆಂದ ಹೂ ಬಿಟ್ಟು, ಬಿಸಿಲೇರಿದಾಗ ಸಾಯುತ್ತದೆ. ಪ್ರದರ್ಶನದ ಕುಂಡಗಳಲ್ಲಿ ಇರುವಂಥದ್ದು ಅದು.

ಬಹುವಾರ್ಷಿಕದ ತವರು ದಕ್ಷಿಣ ಯುರೋಪು. ನೀರು ನಿಲ್ಲದ, ಸುಣ್ಣದ ಅಂಶ ಇರುವ ಮಣ್ಣು ಅದಕ್ಕಿಷ್ಟ. ನಮ್ಮದು ಹುಳಿ ಮಣ್ಣು, ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ. ಬುಡ ಕೊಳೆಯುತ್ತದೆ. ಸೂರಿನ ಕೆಳಗೆ ಕುಂಡದಲ್ಲಿ ಇಟ್ಟು ಶೋಕಿ ಮಾಡಬಹುದು. ಬರೆಗೆ ಬೇಡ.


ಕಾವೇರಿ ದಂಡೆ

ನಾನು ಕುಶಾಲನಗರದವನು. ನಮ್ಮ ಮನೆ ಮುಂದೆ ಇವಾಲ್ವುಲಸ್ ಹಾಕಿದ್ದೇನೆ, ಬ್ಲೂ ಡೇಜ್ ಅಂತಾರಲ್ಲ ಅದು. ನಮ್ಮ ವಿಷ್ಣುಕ್ರಾಂತಿಯ ದಾಯಾದಿ, ಬ್ರೆಜಿಲ್ ಕಡೆಯದ್ದು. ಎಲೆ ಬೂದು ಹಸಿರು, ಹೂ ಅಚ್ಚ ನೀಲಿ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲೂ ಹೂ ನಿಲ್ಲುವುದಿಲ್ಲ. ಎತ್ತರ ಒಂದಡಿ ಕೂಡ ಇಲ್ಲ. ಕಡ್ಡಿ ಊರಿದರೆ ಬರುತ್ತದೆ. ಮೇಡಂ, ಕಣ್ಣು ಮುಚ್ಚಿ ಹಾಕಿ.

ಅದೂ ಬೇಡವಾದರೆ ವೆಡೇಲಿಯಾ ಇದೆಯಲ್ಲ, ಹಳದಿ ಸೇವಂತಿಗೆ ಥರದ್ದು. ರಸ್ತೆ ಬದಿಯಿಂದ ಒಂದು ಹಿಡಿ ಕಿತ್ತು ತಂದು ಎಸೆದರೆ ಸಾಕು, ಬರೆ ಮುಚ್ಚಿಬಿಡುತ್ತದೆ. ದುಡ್ಡೂ ಬೇಡ.


ಹಳೆಕಣ

ವೆಡೇಲಿಯಾ ಹಾಕುವವರು ಮೊದಲು ಅಕ್ಕಪಕ್ಕದ ತೋಟದವರ ಹತ್ತಿರ ಕೇಳಿಕೊಂಡು ಹಾಕಲಿ.


ಕಾವೇರಿ ದಂಡೆ

ಯಾಕೆ ಸಾರ್, ಅಷ್ಟು ಸಿಟ್ಟು?


ಹಳೆಕಣ

ಸಿಟ್ಟಲ್ಲ. ನಮ್ಮ ಗದ್ದೆ ಪಕ್ಕ ನೀರು ಹರಿಯುವ ತೋಡಿನ ಬದಿಯಲ್ಲಿ ಯಾರೋ ಹಾಕಿದ ವೆಡೇಲಿಯಾ ಈಗ ಏರಿ ಹತ್ತಿ ಕಾಫಿ ಸಾಲಿಗೆ ಬಂದಿದೆ. ಒಂದು ಗೆಣ್ಣು ಉಳಿದರೂ ಬೇರು ಬಿಡುತ್ತದೆ. ವೀಡ್ ಕಟ್ಟರ್ ಹೊಡೆದರೆ ಇನ್ನೂ ಖುಷಿ ಅದಕ್ಕೆ, ತುಂಡು ತುಂಡಾಗಿ ಎಲ್ಲ ಕಡೆ ಹರಡುತ್ತದೆ. ಆಳಿಟ್ಟು ಕೈಯಲ್ಲಿ ಕೀಳಿಸಬೇಕು. ಈಗ ಆಳು ಎಲ್ಲಿ ಸಿಗುತ್ತಾರೆ?


ಮಣ್ಣಹುಳ

ಹಳೆಕಣ ಸಾರ್ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಾನು ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದಿದವನು. ವೆಡೇಲಿಯಾ ಉಷ್ಣವಲಯದ ಅಮೆರಿಕದಿಂದ ಬಂದ ಗಿಡ. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ತಜ್ಞರು ಮಾಡಿದ ಪಟ್ಟಿಯಲ್ಲಿ ಅದರ ಹೆಸರಿದೆ. ಲಂಟಾನ ಇದೆ, ತೋಟಗಳಿಗೆ ಹಬ್ಬಿರುವ ಮೈಕೇನಿಯಾ ಬಳ್ಳಿಯೂ ಅದೇ ಪಟ್ಟಿಯಲ್ಲಿದೆ. ನಾಗರಹೊಳೆ ಒಳಗೆ ಲಂಟಾನ ಏನು ಮಾಡಿದೆ ಅಂತ ನೋಡಿದವರಿಗೆ ಬೇರೆ ವಿವರಣೆ ಬೇಡ. ಅದೂ ಮೊದಲು ಬಂದದ್ದು ಹೂದೋಟದ ಅಲಂಕಾರಕ್ಕೇ. ತೋಡು, ಹೊಳೆ, ಕಾಡು ಹತ್ತಿರ ಇರುವ ಮನೆಯವರು ವೆಡೇಲಿಯಾ ಮುಟ್ಟದಿರುವುದೇ ಒಳ್ಳೆಯದು. ಕೊಡಗಿನಲ್ಲಿ ಇವು ಯಾವುದೂ ಹತ್ತಿರ ಇಲ್ಲದ ಮನೆ ಎಲ್ಲಿದೆ ಹೇಳಿ.

ಇವಾಲ್ವುಲಸ್ ಒಳ್ಳೆಯ ಗಿಡ, ಆದರೆ ಅದು ಕುಶಾಲನಗರದ ಗಿಡ. ಕುಶಾಲನಗರಕ್ಕೂ ಮಡಿಕೇರಿಗೂ ಬಸ್ಸಿನಲ್ಲಿ ಒಂದು ಗಂಟೆ ದೂರ ಇರಬಹುದು. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಅಲ್ಲಿ ಸುಮಾರು ಅದರ ಮೂರನೇ ಒಂದು ಭಾಗ. ಬೇರು ಒದ್ದೆಯಾಗಿದ್ದರೆ ಇವಾಲ್ವುಲಸ್ ತಡೆಯುವುದಿಲ್ಲ, ನೆರಳಿನಲ್ಲಿ ಹೂವೂ ಇಲ್ಲ. ಒಂದೇ ಜಿಲ್ಲೆ ಅಂತ ಒಬ್ಬರ ಗಿಡ ಇನ್ನೊಬ್ಬರಿಗೆ ಹೇಳಿದರೆ ಆಗುವುದಿಲ್ಲ.


ಸಂಪಾಜೆ ಘಾಟಿ

ಎಂಥ ಮಾರಾಯ್ರೆ, ಎಲ್ಲದಕ್ಕೂ ಬೇಡ ಬೇಡ ಅಂತೀರಿ. ಹಾಗಾದ್ರೆ ಪಾಪ ಅವರು ಏನು ಹಾಕಬೇಕು? ನಮ್ಮ ಅಂಗಳದ ಬದಿಯಲ್ಲಿ ಮುಟ್ಟಿದರೆ ಮುನಿ ತಾನೇ ಬಂದುಂಟು. ತಗ್ಗಾಗಿ ಹರಡ್ತದೆ, ಗುಲಾಬಿ ಹೂ ಬಿಡ್ತದೆ, ಎಂಥ ಮಳೆಗೂ ಜಪ್ಪಯ್ಯ ಅನ್ನುವುದಿಲ್ಲ. ಮುಳ್ಳೊಂದು ಉಂಟು, ಅಷ್ಟೇ 😄


ಕಿರುಹೊಳೆ

ಸಂಪಾಜೆ ಅಣ್ಣ, ಬಟ್ಟೆ ಒಣಗಿಸುವ ತಂತಿ ಇರುವುದು ಅದೇ ಬರೆ ಪಕ್ಕ. ಮುಳ್ಳು ಬೇಡವೇ ಬೇಡ!

ಸರಿ, ಫ್ಲಾಕ್ಸ್ ಆಸೆ ಬಿಟ್ಟೆ. ವೆಡೇಲಿಯಾ ಹಾಕುವುದಿಲ್ಲ. ಮಣ್ಣಹುಳ ಅವರೇ, ನೀವೇ ಒಂದು ಹೆಸರು ಹೇಳಿ.


ಮಣ್ಣಹುಳ

ಅರಾಕಿಸ್ ಪಿಂಟೋಯ್. ನರ್ಸರಿಯಲ್ಲಿ ಪೀನಟ್ ಗ್ರಾಸ್ ಅಂದರೆ ಕೊಡುತ್ತಾರೆ. ಹುಲ್ಲಲ್ಲ, ನೆಲಗಡಲೆಯ ಜಾತಿಯದ್ದೇ ಬಳ್ಳಿ. ತೊಗರಿ ಹೂವಿನ ಹಾಗೆ ಸಣ್ಣ ಹಳದಿ ಹೂ. ಗುಲಾಬಿ ಗುಡ್ಡ ಆಗುವುದಿಲ್ಲ, ಹಸಿರಿನ ಮೇಲೆ ಅಲ್ಲಲ್ಲಿ ಹಳದಿ ಚುಕ್ಕಿ. ಅಷ್ಟು ಸಾಕು ಅನ್ನುವವರಿಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

1954ರಲ್ಲಿ ಬ್ರೆಜಿಲ್‌ನ ಬಾಹಿಯಾ ರಾಜ್ಯದಲ್ಲಿ ಜೆರಾಲ್ಡೊ ಪಿಂಟೊ ಅನ್ನುವ ಸಸ್ಯವಿಜ್ಞಾನಿ ಇದನ್ನು ಮೊದಲು ಸಂಗ್ರಹಿಸಿದ್ದು, ಹೆಸರು ಬಂದದ್ದೂ ಅವರಿಂದಲೇ. ಅಲ್ಲಿಂದ ದನದ ಮೇವಾಗಿ, ಆಮೇಲೆ ಕಾಫಿ, ಬಾಳೆ ತೋಟಗಳಲ್ಲಿ ನೆಲ ಮುಚ್ಚುವ ಬೆಳೆಯಾಗಿ ಎಷ್ಟೋ ದೇಶಕ್ಕೆ ಹೋಗಿದೆ. ನಮಗೆ ಬೇಕಾದ ಗುಣ ಇವು: ಹುಳಿ ಮಣ್ಣಿನಲ್ಲಿ ಬರುತ್ತದೆ, ಪಿಎಚ್ 5 ಇದ್ದರೂ ಬೆಳೆಯುತ್ತದೆ. ಜೋರು ಮಳೆಗೆ ಹೆದರುವುದಿಲ್ಲ. ಅರ್ಧ ನೆರಳಿಗೆ ಒಗ್ಗುತ್ತದೆ, ಹೂ ಮಾತ್ರ ಬಿಸಿಲಿನಲ್ಲಿ ಜಾಸ್ತಿ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ, ಹಾಗಾಗಿ ಯೂರಿಯಾ ಬೇಕಿಲ್ಲ. ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ಮಣ್ಣಿನ ಮೇಲ್ಪದರ ಹಿಡಿದುಕೊಳ್ಳುತ್ತದೆ.

ಎಲ್ಲಿ ನೋಡಿದರೂ ಇದನ್ನು ಹೊಗಳಿಯೇ ಬರೆಯುತ್ತಾರೆ, ಹಾಗಾಗಿ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ಮೊದಲ ಆರು ತಿಂಗಳು ತುಂಬ ನಿಧಾನ. ಆಗ ಕಳೆ ಕೀಳದಿದ್ದರೆ ಬಳ್ಳಿಯೇ ಕಾಣುವುದಿಲ್ಲ. ಬೇಸಿಗೆ ಉದ್ದವಾದರೆ ಎಲೆ ಉದುರಿಸುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ನಿಮಗೆ ಮಾರ್ಚ್‌ನಲ್ಲೂ ಹಸಿರೇ ಇರಬೇಕು ಅಂದರೆ ವಾರಕ್ಕೊಮ್ಮೆ ನೀರು ಹಾಕಬೇಕು. ಇನ್ನೊಂದು, ಕಾಯಿ ಮಣ್ಣೊಳಗೆ ಕಟ್ಟುತ್ತದೆ. ಇಲಿ ಬರುತ್ತದೆ.


ಸಂಪಾಜೆ ಘಾಟಿ

ಇಲಿ ಬಂದರೆ ಹಾವೂ ಬರ್ತದೆ ಅಲ್ವಾ?


ಹಳೆಕಣ

ಹಂದಿಯೂ ಬರುತ್ತದೆ.


ಕಿರುಹೊಳೆ

ಅಯ್ಯೋ! ಹಾವಿನ ವಿಷಯ ಅತ್ತೆಗೆ ಗೊತ್ತಾದರೆ ಗಿಡ ಗೇಟಿನ ಒಳಗೇ ಬರುವುದಿಲ್ಲ.


ಸಂಪಿಗೆಕಟ್ಟೆ

ಹಾವು ಬರೆ ಬೋಳಾಗಿದ್ದರೂ ಬರುತ್ತದೆ ತಂಗಿ, ಕೊಡಗಿನಲ್ಲಿ ಇದ್ದೀವಲ್ಲ. ತರಗೆಲೆ ರಾಶಿ, ಕಟ್ಟಿಗೆ ರಾಶಿಯಲ್ಲಿ ಇರುವಷ್ಟು ಭಯ ತಗ್ಗು ಬಳ್ಳಿಯಲ್ಲಿ ಇಲ್ಲ. ನಮ್ಮನೆಯಲ್ಲಿ ಮಾಡುವುದು ಹೀಗೆ. ಗೋಡೆಯಿಂದ ಮೂರಡಿ ಖಾಲಿ ಬಿಟ್ಟು ಅಲ್ಲಿ ಜಲ್ಲಿ ಹಾಸಿದ್ದೇವೆ. ಬಳ್ಳಿ ಜಲ್ಲಿಗೆ ಇಳಿದರೆ ಕತ್ತರಿಸುತ್ತೇವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನಾಲ್ಕು ಇಂಚಿಗೆ ಕೊಯ್ಯುತ್ತೇವೆ. ಕೊಯ್ದದ್ದನ್ನು ದನ ಖುಷಿಯಿಂದ ತಿನ್ನುತ್ತದೆ. ಬರೆ ಹತ್ತುವಾಗ ಗಂಬೂಟು, ಕೈಗೆ ಗ್ಲೌಸು ಇದ್ದೇ ಇರಲಿ. ಜಿಗಣೆಗೂ ಅದೇ ಮದ್ದು.

ಇಲಿ ಕಾಟ ಬೇಡವೇ ಬೇಡ ಅಂದರೆ ಇನ್ನೊಂದು ಜಾತಿ ಇದೆ, ಅರಾಕಿಸ್ ಗ್ಲಾಬ್ರಾಟ. ಕಾಯಿ ಕಟ್ಟುವುದು ಬಲು ಅಪರೂಪ, ಬರಗಾಲಕ್ಕೂ ಗಟ್ಟಿ. ನೆಲದಡಿಯ ಗೆಡ್ಡೆಬೇರಿನಿಂದ ಹರಡುತ್ತದೆ. ಆದರೆ ಅದು ಪಿಂಟೋಯ್‌ಗಿಂತಲೂ ನಿಧಾನ. ನರ್ಸರಿಯವರಿಗೂ ಎರಡರ ವ್ಯತ್ಯಾಸ ಗೊತ್ತಿರುವುದು ಕಮ್ಮಿ.


ಸುಂಟಿ ನರ್ಸರಿ

ನಮಗೆ ಗೊತ್ತಿದೆ ಅಕ್ಕ 🙂 ಗಿರಾಕಿಗಳು ಕೇಳುವುದಿಲ್ಲ ಅಷ್ಟೇ. ಎಲ್ಲರಿಗೂ ಬೇಕಾಗಿರುವುದು "ಬೇಗ ತುಂಬುವುದು ಕೊಡಿ". ಬೇಗ ತುಂಬುವುದು ಬೇಗ ಪಕ್ಕದ ಮನೆಗೂ ಹೋಗುತ್ತದೆ ಅಂತ ಹೇಳಿದರೆ ನಗುತ್ತಾರೆ.

ಮೇಲಿನ ಬಿಸಿಲಿನ ಅಂಚಿಗೆ ಕೂಫಿಯಾ ಒಂದು ಸಾಲು ಹಾಕಿ ಮೇಡಂ. ಮೆಕ್ಸಿಕೋ ಕಡೆಯ ಗಿಡ, ಚಿಕ್ಕ ಎಲೆ, ನೇರಳೆ ಹೂ, ವರ್ಷವಿಡೀ ಇರುತ್ತದೆ. ತುಡುವೆ ಜೇನು ಬಿಡುವುದೇ ಇಲ್ಲ. ಎರಡಡಿವರೆಗೆ ಹೋಗುತ್ತದೆ, ಕತ್ತರಿಸಿಕೊಂಡರೆ ಒಂದಡಿಯಲ್ಲಿ ನಿಲ್ಲುತ್ತದೆ. ಬೀಜ ಬಿದ್ದು ಅಲ್ಲಲ್ಲಿ ಹುಟ್ಟುತ್ತದೆ, ಅದನ್ನು ಕಿತ್ತು ಹಾಕಬೇಕು. ಸಿಲ್ವರ್ ಓಕ್ ಬುಡದ ಕತ್ತಲೆ ಜಾಗಕ್ಕೆ ಓಫಿಯೋಪೋಗನ್, ಮೊಂಡೊ ಗ್ರಾಸ್ ಅಂತಾರೆ. ಹೂ ಇದ್ದೂ ಇಲ್ಲದ ಹಾಗೆ, ಆದರೆ ಎಲೆ ಯಾವಾಗಲೂ ಹಸಿರು.


ನಾಪೋಕ್ಲು ನಾಟಿ

ನಾನು ನಡುವೆ ಬಂದು ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೂವಿನ ಮಾತು ಆಮೇಲೆ. ಮನೆ ಹಿಂದೆ ಕಡಿದ ಬರೆ ಅಂತ ಬರೆದಿದ್ದೀರಿ. 2018ರ ಆಗಸ್ಟ್ ನೋಡಿದ ಮೇಲೆ ನನಗೆ ಆ ಪದ ಕೇಳಿದರೇ ಭಯ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರಿಗೂ ಗೊತ್ತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಬಳ್ಳಿ ಹಾಕಿ ಬರೆ ನಿಲ್ಲಿಸುತ್ತೇನೆ ಅಂತ ಯಾರಾದರೂ ಅಂದುಕೊಂಡಿದ್ದರೆ ದಯವಿಟ್ಟು ಬೇಡ. ಬಳ್ಳಿ ಅಂದರೆ ಬರೆಗೆ ಹೊದಿಸಿದ ಕಂಬಳಿ, ಮುರಿದ ಮೂಳೆಗೆ ಕಂಬಳಿ ಏನು ಮಾಡುತ್ತದೆ?


ಮಣ್ಣಹುಳ

ಇವರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ.

ನೆಲಬಳ್ಳಿ ಮಾಡುವ ಕೆಲಸ ಇಷ್ಟೇ. ಮಳೆ ಹನಿ ನೇರ ಮಣ್ಣಿಗೆ ಬಡಿಯುವುದನ್ನು ತಡೆಯುತ್ತದೆ, ಮೇಲ್ಮಣ್ಣು ಕೊಚ್ಚಿ ಹೋಗುವುದು ಕಮ್ಮಿ ಆಗುತ್ತದೆ. ಕಿರುಹೊಳೆಯವರ ಚರಂಡಿ ತುಂಬುವ ತೊಂದರೆಗೆ ಇದು ಸರಿಯಾದ ಉತ್ತರ. ಆದರೆ ನೀರು ಆಳಕ್ಕೆ ಇಳಿದು, ಮಣ್ಣು ಭಾರವಾಗಿ, ಒಳಗಿನಿಂದಲೇ ಜಾರುವುದಕ್ಕೆ ಅದು ಏನೂ ಮಾಡಲಾರದು. ಅರಾಕಿಸ್ ಬೇರು ಹೆಚ್ಚಿನದು ಮೇಲ್ಪದರದಲ್ಲೇ ಇರುತ್ತದೆ.

ಆದ್ದರಿಂದ ಗಿಡ ತರುವ ಮೊದಲು ಬರೆಯ ಮೇಲೆ ಹೋಗಿ ನೋಡಿ. ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಇದೆಯಾ? ಮರ, ಬೇಲಿ ಕಂಬ ಹೊಸದಾಗಿ ವಾಲಿದೆಯಾ? ಬುಡದಲ್ಲಿ ಮಣ್ಣು ಉಬ್ಬಿದೆಯಾ? ಮಳೆಗಾಲದಲ್ಲಿ ಬುಡದಿಂದ ಕೆಸರು ನೀರಿನ ಒರತೆ ಏಳುತ್ತದೆಯಾ? ಇವುಗಳಲ್ಲಿ ಒಂದಿದ್ದರೂ ಅದು ತೋಟಗಾರಿಕೆ ವಿಷಯ ಅಲ್ಲ. ಪಂಚಾಯಿತಿಗೆ ತಿಳಿಸಿ, ಎಂಜಿನಿಯರ್ ಕರೆಸಿ. ಮಳೆ ಜೋರಾದ ರಾತ್ರಿ ಆ ಕೋಣೆಯಲ್ಲಿ ಮಲಗಬೇಡಿ.

ಏನೂ ಇಲ್ಲವಾದರೆ ಮೊದಲ ಕೆಲಸ ನೀರಿನದ್ದು. ಬರೆಯ ನೆತ್ತಿಯಿಂದ ಸ್ವಲ್ಪ ಹಿಂದೆ ಅಡ್ಡ ಚರಂಡಿ ತೆಗೆದು, ಮೇಲಿನ ತೋಟದ ನೀರು ಬರೆ ಮೇಲೆ ಇಳಿಯದೆ ಬದಿಗೆ ಹೋಗುವ ಹಾಗೆ ಮಾಡಿ. ಆ ಚರಂಡಿಯಲ್ಲಿ ನೀರು ನಿಲ್ಲಬಾರದು, ನಿಂತರೆ ಅದೇ ಒಳಗಿಳಿದು ಕೆಟ್ಟದ್ದು ಮಾಡುತ್ತದೆ. ಆಮೇಲೆ ಬಿಸಿಲು ಬೀಳುವ ಮೇಲರ್ಧದಲ್ಲಿ ಲಾವಂಚ ಎರಡು ಸಾಲು ಅಡ್ಡಕ್ಕೆ, ಸಸಿಯಿಂದ ಸಸಿಗೆ ಒಂದು ಗೇಣಿಗಿಂತ ಕಮ್ಮಿ ಅಂತರ. ಅದರ ಬೇರು ನೇರ ಕೆಳಗೆ ಮೂರು ಮೀಟರ್‌ವರೆಗೂ ಹೋಗುತ್ತದೆ. ಮೈಸೂರು ಸೀಮೆಯ ರೈತರು ಹೊಲದ ಬದುವಿಗೆ ಹಿಂದಿನಿಂದಲೂ ಹಾಕುತ್ತಿದ್ದ ಹುಲ್ಲು ಅದು, 1980ರ ದಶಕದಲ್ಲಿ ವಿಶ್ವಬ್ಯಾಂಕ್ ಇದಕ್ಕೆ ದೊಡ್ಡ ಪ್ರಚಾರ ಕೊಟ್ಟಿತು. ನೆರಳಿನಲ್ಲಿ ಮಾತ್ರ ಸೊರಗುತ್ತದೆ. ಲಾವಂಚದ ಸಾಲುಗಳ ನಡುವೆ ಅರಾಕಿಸ್.


ಕಿರುಹೊಳೆ

ಮೇಲೆ ಹತ್ತಿ ನೋಡಿದೆವು, ಬಿರುಕು ಇಲ್ಲ. ಒರತೆಯೂ ಇಲ್ಲ. ಮಾವ ಚರಂಡಿ ತೆಗೆಸುತ್ತಾರಂತೆ, ಆಳು ಹೇಳಿದ್ದಾರೆ. ಈಗ ಅರಾಕಿಸ್ ಯಾವಾಗ ನೆಡಬೇಕು, ಎಷ್ಟು ಬೇಕು ಹೇಳಿ. ಜೂನ್ ಮೊದಲ ಮಳೆಗೆ ನೆಟ್ಟರೆ ಸರಿಯಾ?


ಹಳೆಕಣ

ಜೂನ್ ಬೇಡ. ಸಮ ಜಾಗವಾದರೆ ಜೂನ್ ಸರಿ. ಬರೆಯಲ್ಲಿ ಬೇರು ಬಿಡುವ ಮೊದಲೇ ಕಡ್ಡಿ ಎಲ್ಲ ಚರಂಡಿಯಲ್ಲಿ ಇರುತ್ತದೆ.

ಈಗಲೇ ಕಡ್ಡಿ ತೆಗೆದು ಕಾಫಿ ನರ್ಸರಿ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಊರಿ. ನೆರಳಿನಲ್ಲಿಟ್ಟು ನೀರು ಹಾಕಿ. ಕಾಫಿ ಹೂ ಅರಳಿಸುವ ಹೂ ಮಳೆ ಆಗಿ, ಅದರ ಹಿಂದಿನಿಂದ ಬರುವ ಬ್ಯಾಕಿಂಗ್ ಮಳೆಯೂ ಬಂದ ಮೇಲೆ, ಏಪ್ರಿಲ್‌ನಲ್ಲಿ ಬರೆಗೆ ಇಳಿಸಿ. ಮಳೆ ಹಿಡಿಯುವ ಹೊತ್ತಿಗೆ ಬೇರು ಕಚ್ಚಿರುತ್ತದೆ. ತೊಟ್ಟೆ ನೆಲದಲ್ಲಿ ಬಿಡಬೇಡಿ, ಹರಿದು ತೆಗೆಯಿರಿ.

ಕಡ್ಡಿ ಒಂದು ಗೇಣು, ನಾಲ್ಕು ಗೆಣ್ಣು ಇರಲಿ. ಎರಡು ಗೆಣ್ಣು ಮಣ್ಣೊಳಗೆ.


ಮಣ್ಣಹುಳ

ಲೆಕ್ಕ: ನಿಮ್ಮದು 36 ಚದರ ಮೀಟರ್. ಒಂದಡಿಗೆ ಒಂದರಂತೆ ನೆಟ್ಟರೆ ಸುಮಾರು 400 ಸಸಿ. ಒಂದರ ಕೆಳಗೆ ಒಂದು ಬರದ ಹಾಗೆ, ಮೇಲಿನ ಎರಡರ ನಡುವೆ ಕೆಳಗಿನದು ಬರಬೇಕು. ಗುಂಡಿ ಬಟ್ಟಲಿನಷ್ಟು ಸಾಕು, ಇಡೀ ಬರೆ ಅಗೆದು ಸಡಿಲ ಮಾಡಬೇಡಿ. ಪ್ರತಿ ಗುಂಡಿಗೆ ಒಂದು ಹಿಡಿ ಹಟ್ಟಿಗೊಬ್ಬರ, ಒಂದು ಚಿಟಿಕೆ ರಾಕ್ ಫಾಸ್ಫೇಟ್ (ರಂಜಕದ ಗೊಬ್ಬರ). ಹುಳಿ ಮಣ್ಣಿನಲ್ಲಿ ಅದು ನಿಧಾನವಾಗಿ ಕರಗಿ ಸಿಗುತ್ತದೆ. ತೆಂಗಿನ ನಾರಿನ ಬಲೆ, ಕಾಯರ್ ಮ್ಯಾಟ್ ಅಂತ ಸಿಗುತ್ತದೆ, ಅದನ್ನು ಬರೆಗೆ ಹಾಸಿ ಬಿದಿರಿನ ಗೂಟ ಹೊಡೆದು, ಕಣ್ಣಿನ ನಡುವೆ ಸಸಿ ನೆಟ್ಟರೆ ಮೊದಲ ಮಳೆಗಾಲ ಗೆದ್ದ ಹಾಗೆ. ಎರಡು ಮೂರು ವರ್ಷದಲ್ಲಿ ನಾರು ಮಣ್ಣಾಗುತ್ತದೆ.

ಈಗಾಗಲೇ ಅರಾಕಿಸ್ ಚೆನ್ನಾಗಿ ಬಂದಿರುವ ಜಾಗದಿಂದ ಒಂದು ಬುಟ್ಟಿ ಮಣ್ಣು ತಂದು ತೊಟ್ಟೆಗೆ ಬೆರೆಸಿ. ಬೇರಿನ ಗಂಟು ಕಟ್ಟುವ ಸೂಕ್ಷ್ಮಜೀವಿ ಅದರಲ್ಲೇ ಬರುತ್ತದೆ.


ಹಳೆಕಣ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೇರೆಯವರ ತೋಟದ ಮಣ್ಣು ಮನೆಗೆ ತರಬೇಡಿ. ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬಂದ ತೋಟ ಈಗ ಎಷ್ಟಿಲ್ಲ? ಮಣ್ಣಿನ ಜೊತೆಗೇ ಬರುತ್ತದೆ ಅದು. ಕಿರುಹೊಳೆಯವರ ಬರೆ ಮೇಲೆ ತೋಟ ಇದೆ ಅಂತ ನೀವೇ ಬರೆದಿದ್ದೀರಿ, ತೋಟ ಅಂದ ಮೇಲೆ ಮೆಣಸು ಇಲ್ಲದೆ ಇರುತ್ತದಾ?


ಮಣ್ಣಹುಳ

ಒಪ್ಪಿದೆ ಸಾರ್. ಕಾಳುಮೆಣಸು ಇರುವ ತೋಟದ ಮಣ್ಣು ಬೇಡ. ಹೂಕುಂಡದಲ್ಲಿ ಅರಾಕಿಸ್ ಬೆಳೆದವರ ಮಣ್ಣು ಆಗಬಹುದು, ಸಿಗದಿದ್ದರೆ ಬಿಡಿ. ಕಡ್ಡಿಯನ್ನೂ ತೊಳೆದು ಊರಿದರೆ ಒಳ್ಳೆಯದು. ಗಂಟು ತಡವಾಗಬಹುದು, ಗಿಡ ಬರುತ್ತದೆ.

ಮೆಣಸಿನ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಆ ರೋಗದ ಶಿಲೀಂಧ್ರ ಮಣ್ಣಲ್ಲಿದ್ದು, ಮಳೆ ಹನಿ ಬಡಿದಾಗ ಮಣ್ಣಿನ ಜೊತೆ ಸಿಡಿದು ಕೆಳಗಿನ ಎಲೆಗಳಿಗೆ ಹತ್ತುತ್ತದೆ. ಅದಕ್ಕೇ ಮೆಣಸಿನ ಬುಡದ ಸುತ್ತ ನೆಲ ಕೆರೆದು ಬೋಳು ಮಾಡಬೇಡಿ, ಹುಲ್ಲೋ ಹೊದಿಕೆ ಬೆಳೆಯೋ ಇರಲಿ ಅನ್ನುವುದು. ವಿಯೆಟ್ನಾಂನಲ್ಲಿ ಮೆಣಸಿನ ತೋಟಕ್ಕೆ ಇದೇ ಅರಾಕಿಸ್ ಹಾಕುತ್ತಾರೆ. ಬಳ್ಳಿ ಮೆಣಸಿನ ಬುಡಕ್ಕೆ ಹತ್ತದ ಹಾಗೆ ಸುತ್ತ ಸ್ವಲ್ಪ ಬಿಡಿಸಿಟ್ಟರೆ ಸಾಕು. ಹೆಚ್ಚು ತಿಳಿಯಬೇಕಾದರೆ ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ.


ಶನಿವಾರಸಂತೆ ಸೊಪ್ಪು

ನಮ್ಮ ಕಡೆಯವರ ಮಾತೂ ಕೇಳಿ. ಆಫ್ರಿಕನ್ ಬಸವನಹುಳು ಇರುವ ಊರಿನಲ್ಲಿ ಏನೇ ನೆಡಿ, ಮೊದಲ ಚಿಗುರು ಅದಕ್ಕೆ. ರಾತ್ರಿ ಮಳೆಯಲ್ಲಿ ಬರುತ್ತದೆ. ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಸಿಪ್ಪೆ, ಎಲೆಕೋಸಿನ ಹೊರ ಎಲೆ ಇಡಿ. ಬೆಳಿಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಕೂತಿರುತ್ತದೆ. ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ ತಿಂದರೆ ಪ್ರಾಣಕ್ಕೇ ಅಪಾಯ.


ಕಿರುಹೊಳೆ

ನಾಯಿ ಇದೆ. ಗೋಣಿಚೀಲವೇ ಸರಿ. ಎಲ್ಲರಿಗೂ ಥ್ಯಾಂಕ್ಸ್, ಮಳೆ ಮುಗಿದ ಮೇಲೆ ಬಂದು ಬರೆಯುತ್ತೇನೆ.


ಕಿರುಹೊಳೆ, ಅಕ್ಟೋಬರ್

ಬಂದೆ! ತುಲಾ ಸಂಕ್ರಮಣಕ್ಕೆ ನೆಂಟರೆಲ್ಲ ಬಂದಿದ್ದರು, ಈಗ ಬಿಡುವಾಯಿತು.

ಅಡ್ಡ ಚರಂಡಿ ಮಾರ್ಚ್‌ನಲ್ಲೇ ಆಯಿತು. ಲಾವಂಚ ಎರಡು ಸಾಲು. ಕಾಯರ್ ಮ್ಯಾಟ್ ಹಾಸಿ, ಏಪ್ರಿಲ್‌ನಲ್ಲಿ ಅರಾಕಿಸ್ ನೆಟ್ಟೆವು. ಈ ಸಲ ಚರಂಡಿಗೆ ಮಣ್ಣು ಬಂದದ್ದು ತೀರಾ ಕಮ್ಮಿ, ಮಾವನೇ ಹೇಳಿದರು. ಮೇಲರ್ಧ ಪೂರ್ತಿ ಮುಚ್ಚಿಲ್ಲ, ಅರ್ಧಕ್ಕಿಂತ ಜಾಸ್ತಿ ಹಸಿರಾಗಿದೆ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಹೂ ಶುರುವಾಗಿದೆ. ಕಳೆ ಕೀಳುವುದು ಮಾತ್ರ ಮುಗಿಯುವುದೇ ಇಲ್ಲ, ಅದನ್ನು ನೀವು ಕಮ್ಮಿ ಹೇಳಿದಿರಿ! ಬಸವನಹುಳು ನಮ್ಮಲ್ಲಿ ಅಷ್ಟಿಲ್ಲ. ಹಂದಿ ಒಂದು ರಾತ್ರಿ ಬಂದು ಮೂಲೆ ಕೆದಕಿ ಹೋಗಿದೆ. ಸಿಲ್ವರ್ ಓಕ್ ಬುಡದಲ್ಲಿ ಮೊಂಡೊ ಗ್ರಾಸ್ ಸುಮ್ನೆ ಕೂತಿದೆ, ಬೆಳೆದೂ ಇಲ್ಲ ಸತ್ತೂ ಇಲ್ಲ.

ಒಂದು ತೊಂದರೆ. ಕೆಳಗೆ ಮನೆ ಕಡೆಯ ಅಂಚಿನಲ್ಲಿ ಉದ್ದಕ್ಕೆ ಒಂದಡಿ ಅಗಲ ಏನೂ ಉಳಿದಿಲ್ಲ. ಸಸಿ ಎಲ್ಲ ಹೋಗಿ ಬರೀ ಕಲ್ಲು ಕಾಣುತ್ತಿದೆ. ಮೇಲೆ ಅದೇ ಗಿಡ ಚೆನ್ನಾಗಿದೆ. ಬೇರೆ ಗಿಡ ಹಾಕಬೇಕಾ?


ಸಂಪಿಗೆಕಟ್ಟೆ

ಶೀಟಿನ ಸೂರು ಎಲ್ಲಿಗೆ ಬರುತ್ತದೆ ನೋಡಿ. ಆ ಪಟ್ಟಿಯ ನೇರ ಮೇಲೆ ಇದೆಯಾ?


ಕಿರುಹೊಳೆ

ಹೌದು ಅಕ್ಕ! ಹಿಂದಿನ ಶೀಟು ಅಲ್ಲಿಯವರೆಗೆ ಚಾಚಿದೆ. ನೀರು ಅಲ್ಲೇ ಬೀಳುತ್ತದೆ.


ಸಂಪಿಗೆಕಟ್ಟೆ

ಹಾಗಾದರೆ ಅಲ್ಲಿ ಯಾವ ಗಿಡವೂ ನಿಲ್ಲುವುದಿಲ್ಲ. ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಕೂರಿಸಿ, ಪೈಪಿನಲ್ಲಿ ನೀರು ಚರಂಡಿಗೆ ಬಿಡಿ. ಅದಕ್ಕಿಂತ ಮುಖ್ಯ, ಬರೆಯ ಬುಡಕ್ಕೆ ಸೂರಿನ ನೀರು ಬೀಳಲೇಬಾರದು. ಆ ಪಟ್ಟಿಗೆ ಜಲ್ಲಿ ಹಾಕಿಬಿಡಿ, ಗೋಡೆ ಪಕ್ಕ ಹೇಗೂ ಖಾಲಿ ಬಿಡಬೇಕಿತ್ತಲ್ಲ.


ಮಣ್ಣಹುಳ

ದೋಣಿ ಈ ಬೇಸಿಗೆಯಲ್ಲೇ ಆಗಲಿ, ಮುಂದೂಡಬೇಡಿ. ಮೇಲಿನ ಖಾಲಿ ಜಾಗಕ್ಕೆ ಹೊಸ ಸಸಿ ತರಬೇಕಿಲ್ಲ. ಪಕ್ಕದ ಬಳ್ಳಿಯನ್ನೇ ಎಳೆದು, ಗೆಣ್ಣಿನ ಮೇಲೆ ಒಂದು ಕಲ್ಲು ಇಡಿ, ಅಲ್ಲೇ ಬೇರು ಬಿಡುತ್ತದೆ. ಜನವರಿಯಿಂದ ವಾರಕ್ಕೊಮ್ಮೆ ನೀರು. ಯೂರಿಯಾ ಹಾಕಬೇಡಿ, ಹಾಕಿದರೆ ಕಳೆಗೇ ಲಾಭ.


ಮೇಕೇರಿ ಮಂಜು

ನನಗೂ ಒಂದಿಷ್ಟು ಕಡ್ಡಿ ಬೇಕಿತ್ತು. ಕ್ಯಾಂಡಿಟಫ್ಟ್ ಕುಂಡದಲ್ಲಿ ಬಿತ್ತಿದ್ದೇನೆ, ಅದು ಬೇರೆ ವಿಷಯ 🙂


ಹಳೆಕಣ

ನಮ್ಮಲ್ಲಿ ಅಂಗಳದ ಕಟ್ಟೆಯಲ್ಲಿ ಬೇಕಾದಷ್ಟಿದೆ. ಫೆಬ್ರವರಿಯಲ್ಲಿ ಕೊಯ್ಯುವಾಗ ಹೇಳುತ್ತೇನೆ, ಶುಕ್ರವಾರ ಮಡಿಕೇರಿ ಸಂತೆಗೆ ಬರುವಾಗ ತರುತ್ತೇನೆ. ಮಣ್ಣಿಲ್ಲದೆ ತೊಳೆದು ಕೊಡುತ್ತೇನೆ. ತೊಟ್ಟೆ ನೀವೇ ತನ್ನಿ.